ಕುಂಕುಮದ ಬಣ್ಣದ ಬಾರ್‌ಕೋಡ್

ನಮ್ಮ ಬೀದಿಯ ದಿನಸಿ ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಚಟ್ನಿಪುಡಿ ಮಾರಲು ಶುರು ಮಾಡಿದಾಗ, ಪ್ರೆಸ್ಸಿನಲ್ಲಿ ಚೆಂದದ ಲೇಬಲ್ ಮಾಡಿಸಿದರು. ಬಿಳಿ ಕಾಗದದ ಮೇಲೆ ಕುಂಕುಮದ ಬಣ್ಣದ ಬಾರ್‌ಕೋಡ್. ಕೌಂಟರಿನ ಹುಡುಗ ಪೊಟ್ಟಣವನ್ನು ಹೇಗೆ ತಿರುಗಿಸಿ ಹಿಡಿದರೂ ಸ್ಕ್ಯಾನರ್ ಬೀಪ್ ಅನ್ನಲಿಲ್ಲ. ಕೊನೆಗೆ ಹದಿಮೂರು ಅಂಕಿಗಳನ್ನೂ ಕೈಯಲ್ಲೇ ಒತ್ತಿದ.

ಸ್ಕ್ಯಾನರ್ ಕೆಟ್ಟಿರಲಿಲ್ಲ. ಅದು ಚೆಲ್ಲುವುದು ಕೆಂಪು ಬೆಳಕು. ಬಿಳಿ ಕಾಗದ ಆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕೆಂಪು ಶಾಯಿಯೂ ಎಸೆಯುತ್ತದೆ. ಯಂತ್ರದ ಪಾಲಿಗೆ ಅದು ಬರೀ ಖಾಲಿ ಹಾಳೆ. ಬೆಳಕನ್ನು ನುಂಗುವ ಕಪ್ಪು ಗೆರೆಯೇ ಬೇಕು. ಕಡು ನೀಲಿ, ಕಡು ಹಸಿರಾದರೂ ನಡೆದೀತು. ಗೆರೆಗಳ ಎಡಬಲಕ್ಕೆ ಬಿಡುವ ಬಿಳಿ ಜಾಗವನ್ನೂ ದಂಡವೆಂದು ತಿಳಿಯಬಾರದು. ಅಲ್ಲಿಯವರೆಗೂ ಹೂಬಳ್ಳಿ ಹಬ್ಬಿಸಿದರೆ ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದೇ ಯಂತ್ರಕ್ಕೆ ತಿಳಿಯದು.

ಈ ಗೆರೆಗಳು ಹುಟ್ಟಿದ್ದು ಮರಳಿನಲ್ಲಿ. ಅಮೆರಿಕದ ಮಯಾಮಿ ಕಡಲತೀರದಲ್ಲಿ ಕೂತಿದ್ದ ಜೋಸೆಫ್ ವುಡ್‌ಲ್ಯಾಂಡ್, ಮೋರ್ಸ್ ಸಂಕೇತದ ಚುಕ್ಕಿ-ಗೀಟುಗಳನ್ನು ನೆನೆಯುತ್ತಾ ಮರಳಿನಲ್ಲಿ ಬೆರಳೆಳೆದರಂತೆ. ಅವರಿಗೂ ಜೊತೆಗಾರ ಬರ್ನಾರ್ಡ್ ಸಿಲ್ವರ್‌ಗೂ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಅಂಗಡಿಯ ಕೌಂಟರಿನಲ್ಲಿ ಮೊದಲ ಬೀಪ್ ಕೇಳಲು 1974ರ ಜೂನ್ 26ರವರೆಗೆ ಕಾಯಬೇಕಾಯಿತು. ಒಹಾಯೊದ ಟ್ರಾಯ್ ಊರಿನಲ್ಲಿ ಅಂದು ಸ್ಕ್ಯಾನ್ ಆದದ್ದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ.

ಬಾರ್‌ಕೋಡಿನ ಸಂಖ್ಯೆ 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದ ಮಾಲು ಎಂದು ಹಲವರು ನಂಬಿದ್ದಾರೆ. ತಪ್ಪು. ಆ ಸಂಖ್ಯೆಯನ್ನು ಭಾರತದ ಜಿಎಸ್‌1 ಸಂಸ್ಥೆ ಕೊಟ್ಟಿದೆ ಎಂದಷ್ಟೇ ಅದರ ಅರ್ಥ. ಮಾಲು ಎಲ್ಲಿಂದ ಬೇಕಾದರೂ ಬಂದಿರಬಹುದು. ಅಂಗಡಿಯೊಳಗಿನ ಬಳಕೆಗೆಂದೇ 20ರಿಂದ 29ರವರೆಗಿನ ಆರಂಭದ ಅಂಕಿಗಳನ್ನು ಬಿಟ್ಟಿದ್ದಾರೆ. ಚೀಲದಿಂದ ತೂಗಿ ಕೊಡುವ ತೊಗರಿಬೇಳೆಯನ್ನೇ ನೋಡಿ. ತಕ್ಕಡಿಗೆ ಜೋಡಿಸಿದ ಪ್ರಿಂಟರ್ 2100045007502 ಎಂಬ ಲೇಬಲ್ ಉಗುಳಿತು ಎನ್ನೋಣ. 21 ಅಂಗಡಿಯ ಗುರುತು, 00045 ತೊಗರಿಬೇಳೆ, 00750 ಅಂದರೆ ಮುಕ್ಕಾಲು ಕೆಜಿ. ಬೀಪ್ ಆದೊಡನೆ ಬಿಲ್ಲಿಗೆ ಬೆಲೆ ಏರುತ್ತದೆ, ದಾಸ್ತಾನಿನ ಲೆಕ್ಕದಿಂದ 750 ಗ್ರಾಂ ಇಳಿಯುತ್ತದೆ.

ಕೊನೆಯ 2 ಮಾತ್ರ ಕಾವಲುಗಾರ. ಎಡದಿಂದ ಎರಡು, ನಾಲ್ಕು, ಆರು, ಹೀಗೆ ಸಮ ಸ್ಥಾನದಲ್ಲಿರುವ ಅಂಕಿಗಳನ್ನು ಮೂರರಿಂದ ಗುಣಿಸಿ, ಉಳಿದ ಆರನ್ನು ಹಾಗೇ ಸೇರಿಸಿ ಕೂಡಿ: 48. ಹತ್ತರ ಮಗ್ಗಿಯನ್ನು ಮುಟ್ಟಲು ಇನ್ನು 2 ಬೇಕು, ಅದೇ ಹದಿಮೂರನೆಯ ಅಂಕಿ. ಲೇಬಲ್ ಸುಕ್ಕಾಗಿ 7 ಹೋಗಿ 1 ಎಂದು ಓದಿಕೊಂಡರೆ ಒಟ್ಟು ಮೊತ್ತ 50ರ ಬದಲು 32 ಆಗುತ್ತದೆ. ಯಂತ್ರ ಬಾಯಿ ಬಿಡುವುದಿಲ್ಲ. ತಪ್ಪು ಬೆಲೆ ಹಾಕುವುದಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಅದಕ್ಕೆ ಕಲಿಸಿದ್ದಾರೆ.

ಇಂಥ ತಕ್ಕಡಿ ಲೇಬಲ್‌ಗಳಿಗೆ ಸಾಮಾನ್ಯವಾಗಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದಲ್ಲಿ ಕಾಗದವೇ ಕಪ್ಪಾಗುತ್ತದೆ. ಅಗ್ಗ, ಸರಿ. ಆದರೆ ಬಿಸಿಲು ಬೀಳುವ ಕಿಟಕಿಯ ಬಳಿ ವಾರಗಟ್ಟಲೆ ಇಟ್ಟರೆ ಗೆರೆ ಮಾಸುತ್ತದೆ. ಎರಡು ದಿನದಲ್ಲಿ ಮುಗಿಯುವ ಬೇಳೆಗೆ ಅದು ಸಾಕು. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಪೆಟ್ಟಿಗೆಗೆ ರಿಬ್ಬನ್ ಹಾಕಿ ಮುದ್ರಿಸುವ ಪ್ರಿಂಟರ್ ಬೇಕು.

ಚಟ್ನಿಪುಡಿಯ ಹೊಸ ಲೇಬಲ್ ಬಂದಿದೆ. ಗೆರೆಗಳು ಕಪ್ಪಾಗಿವೆ, ಕುಂಕುಮದ ಬಣ್ಣ ಅಂಗಡಿಯ ಹೆಸರಿಗೆ ಹೋಗಿದೆ. ಹಳೆಯ ಕಟ್ಟು ಮುಗಿಯುವವರೆಗೆ ಮಾತ್ರ ಹುಡುಗನ ಬೆರಳಿಗೆ ಬಿಡುವಿಲ್ಲ.