ಕೀಲಿಕೈ ಯಾರ ಬಳಿ ಇರಬೇಕು?

ಸೇಡಂ, ಚಿತ್ತಾಪುರ, ವಾಡಿಗಳ ಬೇಸಗೆಯನ್ನು ಅನುಭವಿಸಿದವರಿಗೆ ಅಲ್ಲಿಯ ಬಿಸಿಲನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಶಹಾಬಾದಿನ ಹಾಸುಗಲ್ಲಿನ ಮಾಳಿಗೆಯ ಕೆಳಗೆ ತಂಪು ಹೆಚ್ಚೋ, ಕಾಂಕ್ರೀಟಿನ ತಾರಸಿಯ ಕೆಳಗೆ ಹೆಚ್ಚೋ? ಈ ಪ್ರಶ್ನೆಯನ್ನು ಎತ್ತಿಕೊಂಡು ನಮ್ಮ 20 ಮಂದಿ ವಿದ್ಯಾರ್ಥಿಗಳು ಕಳೆದ ಬೇಸಗೆಯಲ್ಲಿ ಪ್ರತಿದಿನ ಮಧ್ಯಾಹ್ನ 3 ಗಂಟೆಗೆ ತಂತಮ್ಮ ಮನೆಯೊಳಗಿನ ಉಷ್ಣತೆಯನ್ನು ಅಳೆದರು. 40 ದಿನಗಳಲ್ಲಿ 800 ಅಳತೆಗಳಾದುವು. ಇವೆಲ್ಲವೂ ಅಂತರಜಾಲದ ಒಂದೇ ಲೆಕ್ಕದ ಹಾಳೆಯಲ್ಲಿ ಬಂದು ಸೇರುತ್ತಿದ್ದುವು. ಎಲ್ಲರೂ ನಂಬಿಕಸ್ಥರೆಂದು ನಾನು ಎಲ್ಲರಿಗೂ ಎಲ್ಲ ಅಧಿಕಾರವನ್ನೂ ಕೊಟ್ಟಿದ್ದೆನು.

ಒಂದು ಬೆಳಗ್ಗೆ ನಕ್ಷೆಯನ್ನೆಳೆದು ನೋಡಲು, ಉಷ್ಣತೆಯ ರೇಖೆಯು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಮ್ಮೆಯೂ ತಗ್ಗದೆ ಏರುತ್ತಲೇ ಹೋಗಿತ್ತು. ನಡುವೆ ಮಳೆ ಬಿದ್ದ ಎರಡು ದಿನಗಳ ಗುರುತೇ ಇರಲಿಲ್ಲ. ಪ್ರಕೃತಿಯು ಇಷ್ಟು ಶಿಸ್ತಿನಿಂದ ನಡೆಯುವುದುಂಟೆ? ಯಾರೋ ಉಷ್ಣತೆಯ ಸಾಲನ್ನು ಮಾತ್ರ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿಬಿಟ್ಟಿದ್ದರು. ದಿನಾಂಕಗಳೂ ಮನೆಗಳ ಹೆಸರುಗಳೂ ಇದ್ದಲ್ಲಿಯೇ ಉಳಿದಿದ್ದುವು. ಹಿಂದಿನ ಸಂಜೆ ಕೊನೆಯದಾಗಿ ಬರೆದವಳು ವಾಡಿಯ ಒಬ್ಬ ವಿದ್ಯಾರ್ಥಿನಿ. ಎಲ್ಲರ ಕಣ್ಣೂ ಆಕೆಯ ಕಡೆಗೆ ತಿರುಗಿತು. “ನಾ ಏನೂ ಮುಟ್ಟಿಲ್ರೀ ಸರ್” ಎಂದಷ್ಟೇ ಹೇಳಿ ಆಕೆ ತಲೆ ತಗ್ಗಿಸಿದಳು.

ಹಲವರು ಕೂಡಿ ದುಡಿಯುವ ಕಾರ್ಯಾಂಗಣದಲ್ಲಿ ಯಾರು ಏನನ್ನು ಮಾಡಬಹುದೆಂಬ ಪ್ರಶ್ನೆಯು ಗಣಕಯಂತ್ರಗಳಷ್ಟೇ ಹಳೆಯದಲ್ಲವಾದರೂ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳತೊಡಗಿದಂದೇ ಹುಟ್ಟಿದುದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಅಂಥ ವ್ಯವಸ್ಥೆಯೊಂದನ್ನು ನಡೆಸಿ ತೋರಿಸಿದರು. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಗುಪ್ತಪದವಿತ್ತು. ಒಂದು ದಿನ ಇಬ್ಬರು ನಿರ್ವಾಹಕರು ಏಕಕಾಲದಲ್ಲಿ ಒಂದೇ ಕಾರ್ಯಾಂಗಣದೊಳಗೆ ಕೆಲಸಕ್ಕೆ ತೊಡಗಿದರು. ಒಬ್ಬನು ಆ ದಿನದ ಪ್ರಕಟಣೆಯನ್ನೂ ಮತ್ತೊಬ್ಬನು ಗುಪ್ತಪದಗಳ ಪಟ್ಟಿಯನ್ನೂ ತಿದ್ದುತ್ತಿದ್ದನು. ತಿದ್ದುವ ತಂತ್ರಾಂಶವು ಒಂದೆಡೆ ಒಬ್ಬನೇ ಇರುವನೆಂದು ನಂಬಿ, ಎರಡು ತಾತ್ಕಾಲಿಕ ಕಡತಗಳಿಗೂ ಒಂದೇ ಹೆಸರನ್ನಿಟ್ಟಿತು. ಪರಿಣಾಮವೇನು? ಒಳಗೆ ಬಂದವರಿಗೆಲ್ಲ ಪ್ರಕಟಣೆಗೆ ಬದಲಾಗಿ ಎಲ್ಲರ ಗುಪ್ತಪದಗಳೂ ಕಾಣಿಸಿದುವು! ಇಲ್ಲಿ ಕಳ್ಳನು ಯಾರೂ ಇರಲಿಲ್ಲ. ಇದ್ದುದು ಅಂಗಣದ ಅವ್ಯವಸ್ಥೆ ಮಾತ್ರ.

1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬವರು ಒಂದು ಸೂತ್ರವನ್ನು ಸ್ಪಷ್ಟಪಡಿಸಿದರು: ಯಾವ ವ್ಯಕ್ತಿಗಾಗಲಿ ಯಾವ ತಂತ್ರಾಂಶಕ್ಕಾಗಲಿ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು, ಅದಕ್ಕಿಂತ ಹೆಚ್ಚು ಸಲ್ಲದು. ಇದರ ತಿರುಳನ್ನು ಮನೆಯ ವಿದ್ಯುತ್ತಿನಿಂದ ತಿಳಿಯಬಹುದು. ಅಡುಗೆಮನೆಗೊಂದು, ಪಡಸಾಲೆಗೊಂದು ಎಂದು ಬೇರೆ ಬೇರೆ ಫ್ಯೂಸುಗಳನ್ನು ಇಡುವುದು ಅಡುಗೆಮನೆಯ ಮೇಲಿನ ಅಪನಂಬಿಕೆಯಿಂದಲ್ಲ. ಅಲ್ಲಿಯ ದೋಷವು ಮನೆಯನ್ನೆಲ್ಲ ಕತ್ತಲೆಗೆ ನೂಕಬಾರದೆಂದು. ಅಧಿಕಾರದ ಮಿತಿಯೂ ಅಂಥದೇ ಫ್ಯೂಸು.

ಆದರೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅಧಿಕಾರವನ್ನು ಗೊತ್ತುಮಾಡುವುದು ಸುಲಭವೆ? 200 ಮಂದಿ, 50 ಕಡತಕೋಶಗಳಿದ್ದರೆ 10,000 ತೀರ್ಮಾನಗಳಾಗಬೇಕು. ಇದಕ್ಕೆ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ವ್ಯವಸ್ಥಿತ ರೂಪ ಕೊಟ್ಟ ಉಪಾಯವೊಂದುಂಟು: ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವುದು. ಓದುಗ, ಬರೆಯುವವ, ನಿರ್ವಾಹಕ ಎಂದು 3 ಪಾತ್ರಗಳಿದ್ದರೆ, ಕೋಶಗಳಿಗೆ 150 ತೀರ್ಮಾನ, ಜನರಿಗೆ 200, ಒಟ್ಟು 350 ಸಾಕು. ಒಬ್ಬನು ತಂಡವನ್ನು ಬಿಟ್ಟರೆ ಆತನ ಪಾತ್ರವನ್ನು ಹಿಂತೆಗೆದುಕೊಂಡರಾಯಿತು. ಇಂದಿನ ಕಾರ್ಯಯೋಜನಾ ತಂತ್ರಾಂಶಗಳಲ್ಲಿ ಬಹುಮಟ್ಟಿಗೆ ಇದೇ ಪದ್ಧತಿ.

ಇದರ ದೊಡ್ಡ ನಿದರ್ಶನವನ್ನು ನೋಡಲು ದೂರ ಹೋಗಬೇಕಾಗಿಲ್ಲ; ಕರ್ನಾಟಕದ ಯಾವ ತಾಲ್ಲೂಕು ಕಚೇರಿಯಾದರೂ ಸರಿ. ಹಿಂದೆ ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದುವು. ಬರೆಯುವವನೂ ತಿದ್ದುವವನೂ ಕಾಪಾಡುವವನೂ ಒಬ್ಬನೇ. ‘ಭೂಮಿ’ ಯೋಜನೆಯು 2002ರ ವೇಳೆಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಅಂದಿನಿಂದ ಓದುವ ಅಧಿಕಾರವು ಶುಲ್ಕ ಕೊಡುವ ಯಾರಿಗಾದರೂ ಉಂಟು. ತಿದ್ದುವ ಅಧಿಕಾರ ಮಾತ್ರ ಹಲವರಲ್ಲಿ ಹಂಚಿದೆ. ಹಕ್ಕು ಬದಲಾವಣೆಯ ಅರ್ಜಿಯನ್ನು ದಾಖಲಿಸುವವರು ಬೇರೆ, ಆದೇಶ ನೀಡುವವರು ಬೇರೆ. ನಡುವೆ ಆಕ್ಷೇಪಣೆಗೆ ಮೊದಲು 30 ದಿನಗಳ ಅವಕಾಶವಿತ್ತು. ಸಿಬ್ಬಂದಿಯು ಬೆರಳಿನ ಗುರುತನ್ನು ಒತ್ತಿಯೇ ಒಳಹೊಗಬೇಕು. ಆದುದರಿಂದ ಮಾಡಿದವರು ಯಾರೆಂಬುದು ದಾಖಲೆಯಲ್ಲಿ ಉಳಿಯುವುದು. ತೊಗರಿ ಬೆಳೆಯುವ ರೈತನಿಗೆ ಎರಡೆಕರೆ ಹೊಲವೇ ಸರ್ವಸ್ವವೆಂಬುದನ್ನು ನೆನೆದರೆ ಈ ಎಚ್ಚರಿಕೆಗಳ ಬೆಲೆ ತಿಳಿಯುತ್ತದೆ.

ನಮ್ಮ ಹಾಳೆಗೂ ಅಂಥ ನೆನಪಿತ್ತು. ತಂತ್ರಾಂಶವು ಪ್ರತಿ ಬದಲಾವಣೆಯ ಹೊತ್ತನ್ನೂ ಮಾಡಿದವರ ಹೆಸರನ್ನೂ ತಾನಾಗಿಯೇ ಬರೆದಿಟ್ಟುಕೊಳ್ಳುತ್ತಿತ್ತು. ತರಗತಿಯ ಎದುರಿನಲ್ಲೇ ಆ ಚರಿತ್ರೆಯನ್ನು ತೆರೆದೆನು. ಉಷ್ಣತೆಯ ಸಾಲನ್ನು ಜೋಡಿಸಿದ್ದುದು ಹಿಂದಿನ ರಾತ್ರಿ 11 ಗಂಟೆಗೆ, ಹೆಸರು ನನ್ನದೇ! ಅತಿ ಬಿಸಿಯಾದ ದಿನ ಯಾವುದೆಂದು ನೋಡುವ ಆತುರದಲ್ಲಿ ಮೊಬೈಲಿನಲ್ಲಿಯೇ ಆ ಕೆಲಸ ಮಾಡಿ ಮಲಗಿದ್ದೆನು. ಹಳೆಯ ಪ್ರತಿಯನ್ನು ಮರಳಿಸಲು ಒಂದು ನಿಮಿಷ ಸಾಕಾಯಿತು. ವಾಡಿಯ ಆ ವಿದ್ಯಾರ್ಥಿನಿಯಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ದಾಖಲೆಯಿಲ್ಲದಿದ್ದರೆ ತಪ್ಪು ಆಕೆಯದಾಗಿಯೇ ಉಳಿಯುತ್ತಿತ್ತು. ಅಧಿಕಾರವನ್ನು ಹಂಚುವಾಗ ನಾವು ಕಿರಿಯರ ಅಜಾಗರೂಕತೆಯನ್ನು ಮಾತ್ರ ಎಣಿಸುತ್ತೇವೆ. ಎಲ್ಲ ಕೀಲಿಗಳನ್ನೂ ಹಿಡಿದವನ ಒಂದು ಬೆರಳು ಜಾರಿದರೆ ಆಗುವ ಹಾನಿ ಎಲ್ಲಕ್ಕಿಂತ ದೊಡ್ಡದೆಂಬುದನ್ನು ಮರೆಯುತ್ತೇವೆ.

ಈ ಬೇಸಗೆಯಲ್ಲಿ ಅಳತೆ ಮತ್ತೆ ನಡೆದಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ಪುಟದಲ್ಲಿ ಮಾತ್ರ ಬರೆಯಬಲ್ಲರು. ಇಬ್ಬರು ಪರೀಕ್ಷಿಸಿದ ಮೇಲೆ ಅಳತೆಯು ಮುಖ್ಯ ಹಾಳೆಗೆ ಸೇರುವುದು. ಓದುವ ಹಕ್ಕು ಎಲ್ಲರಿಗೂ ಉಂಟು. ಪಾತ್ರಗಳನ್ನು ಗೊತ್ತುಮಾಡುವ ನಿರ್ವಾಹಕಿ ವಾಡಿಯ ಆ ವಿದ್ಯಾರ್ಥಿನಿಯೇ. ನನ್ನ ಹೆಸರನ್ನು ಆಕೆ ಓದುಗರ ಪಟ್ಟಿಯಲ್ಲಿ ಇರಿಸಿದ್ದಾಳೆ.