ಮನಸ್ಸಿನ ಅಳಲಿಗೆ ದೂರವಾಣಿಯ ಕಿವಿ

ಬೀರೂರು ಜಂಕ್ಷನ್ನಿನಲ್ಲಿ ರೈಲು ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಅಜ್ಜಂಪುರವನ್ನು ಹಾದು ಹುಬ್ಬಳ್ಳಿಯತ್ತ ಸಾಗಿದರೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಯನ್ನು ಸೇರುತ್ತದೆ. ಬೆಂಗಳೂರಿನ ಕಡೆಯಿಂದ ಬರುವವರಿಗೆ ಇವೆರಡಕ್ಕೂ ಮೊದಲು ಸಿಕ್ಕುವುದು ಕಡೂರು. ತೆಂಗಿನ ತೋಟಗಳ ಕಡೂರು, ಮಲೆಯ ಬುಡದಲ್ಲಿ ಅಡಿಕೆಯ ನೆರಳಿನಲ್ಲಿರುವ ತರೀಕೆರೆ, ಈರುಳ್ಳಿಗೂ ಅಮೃತಮಹಲ್ ದನಗಳಿಗೂ ಹೆಸರಾದ ಅಜ್ಜಂಪುರ. ಮಣ್ಣು ಬೇರೆ, ಬೆಳೆ ಬೇರೆಯಾದರೂ ಈ ಮೂರು ಊರುಗಳಿಗೆ ಒಂದು ಗುಣ ಸಮಾನವಾಗಿದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಬೆಳಿಗ್ಗೆ ಔಷಧಿಯಂಗಡಿಯ ಮುಂದೆ ನಿಂತವರ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಬೀದಿಯ ಕೊನೆಯ ಮನೆಯನ್ನು ಮುಟ್ಟಿರುತ್ತದೆ.

ಜ್ವರ ಬಂದರೆ ಇದರಿಂದ ಉಪಕಾರವೇ. ಗಂಜಿ ತಂದು ಕೊಡುವವರಿಗೆ ಕೊರತೆಯಿಲ್ಲ. ಆದರೆ ಜ್ವರವಿಲ್ಲದೆಯೇ ಮೈ ನಡುಗಿದರೆ, ಕಾರಣ ತಿಳಿಯದೆ ಎದೆ ಹೊಡೆದುಕೊಂಡರೆ, ಮದುವೆಯಾಗಿ ಆರು ತಿಂಗಳಾದರೂ ಹೊಸ ಮನೆಯಲ್ಲಿ ಉಸಿರು ಕಟ್ಟಿದಂತಾದರೆ ಅದನ್ನು ಯಾರಿಗೆ ಹೇಳುವುದು? ಹೇಳಿದರೆ ‘ತಲೆ ಕೆಟ್ಟಿದೆಯಂತೆ’ ಎಂಬ ಒಂದು ಮಾತು ಹುಟ್ಟೀತು. ಆ ಮಾತಿಗೆ ಕಾಲು ಬಹಳ. ತಂಗಿಯ ಮದುವೆಯ ಮಾತುಕತೆಯವರೆಗೂ ಅದು ನಡೆದು ಬರಬಲ್ಲುದು.

ವೈದ್ಯರೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮನೋವೈದ್ಯವನ್ನು ಹಳ್ಳಿಯ ಬಾಗಿಲಿಗೆ ತರುವ ಪ್ರಯತ್ನದಲ್ಲಿ ನಮ್ಮ ನಾಡು ಮುಂದಾಳಾಗಿಯೇ ಇದೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯವರು ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, 1985ರಿಂದಾಚೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗಗಳನ್ನು ಗುರುತಿಸುವ ತರಬೇತಿಯನ್ನಿತ್ತರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮೇಲ್ಪಂಕ್ತಿ. 2014ರಲ್ಲಿ ರಾಜ್ಯ ಸರ್ಕಾರವು ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ, ಮಂಗಳವಾರಗಳಂದು ತಜ್ಞರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡನ್ನೂ ಆರಂಭಿಸಿತು. ಕನ್ನಡದ ಓದುಗರಿಗಂತೂ ಈ ವಿಷಯ ಹೊಸದಲ್ಲ. ‘ಕೊರವಂಜಿ’ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಮನೋವೈದ್ಯದ ಪುಸ್ತಕವೊಂದಕ್ಕೆ ಸಾಹಿತ್ಯದ ಪ್ರಶಸ್ತಿ ದೊರೆತದ್ದು ನಮ್ಮ ಭಾಷೆಗೆ ಹೆಮ್ಮೆಯ ಸಂಗತಿಯಲ್ಲವೆ?

ಇಷ್ಟಾದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದದ್ದೇನು? ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿ ಯಾವುದಾದರೊಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಮುಟ್ಟಿರಲಿಲ್ಲ. ಮಂಗಳವಾರದ ಸಾಲಿನಲ್ಲಿ ನಿಲ್ಲುವುದಕ್ಕೆ ಕಾಲಿಗಿಂತ ಹೆಚ್ಚಾಗಿ ಧೈರ್ಯ ಬೇಕು. ಅದೇ ಸಾಲಿನ ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಚೀಟಿ ಹಿಡಿದು ಸೋದರತ್ತೆ ನಿಂತಿರಬಹುದು!

ಈ ಸಂಕೋಚವನ್ನು ದಾಟುವ ದಾರಿಯೊಂದು ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ತೆರೆದಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ನಿಮ್ಹಾನ್ಸಿನಲ್ಲಿ ‘ಟೆಲಿ ಮಾನಸ್’ ಸೇವೆಗೆ ಚಾಲನೆ ದೊರೆಯಿತು. 14416 ಎಂಬ ಸಂಖ್ಯೆಯನ್ನು ಒತ್ತಿ ಕನ್ನಡವನ್ನು ಆರಿಸಿಕೊಂಡರೆ, ಹಗಲಿರಲಿ ಇರುಳಿರಲಿ, ತರಬೇತಿ ಪಡೆದ ಆಪ್ತಸಲಹೆಗಾರರೊಬ್ಬರು ಮಾತಿಗೆ ಸಿಕ್ಕುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಅವರಿಗೆ ಮೀರಿದ ತೊಂದರೆಯಾದರೆ ಕರೆಯನ್ನು ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ಒಪ್ಪಿಸುತ್ತಾರೆ. ಕಣ್ಣಾರೆ ಕಂಡು ಪರೀಕ್ಷಿಸಬೇಕಾದ ರೋಗವೆನಿಸಿದರೆ ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2024ರ ಅಕ್ಟೋಬರ್ ವೇಳೆಗೆ ದೇಶದಲ್ಲಿ ಇಂತಹ ಕರೆಗಳ ಸಂಖ್ಯೆ 14 ಲಕ್ಷವನ್ನು ದಾಟಿತ್ತು. ಮುಖ ನೋಡುತ್ತ ಮಾತಾಡುವ ವಿಡಿಯೋ ಸಮಾಲೋಚನೆ ಅದೇ ತಿಂಗಳು ಮೊದಲಿಗೆ ಆರಂಭವಾದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು.

ಮಾತಿನಿಂದಲೇ ಬೇನೆ ಹೋದೀತೇ ಎಂದು ಮನೆಯ ಹಿರಿಯರು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ ಸರಿ. ಅಜ್ಜಂಪುರದಲ್ಲಿ ನಿವೃತ್ತರಾದ ಮೇಷ್ಟರೊಬ್ಬರನ್ನು ಊಹಿಸಿಕೊಳ್ಳೋಣ. ಮಗ ಪುಣೆಯಲ್ಲಿ, ಮಗಳು ಕಡಲಾಚೆ. ಮೂವತ್ತೈದು ವರ್ಷ ಗಂಟೆಯ ಸದ್ದಿಗೆ ಎದ್ದು ಕುಳಿತ ದೇಹಕ್ಕೆ ಈಗ ಗಂಟೆಯಿಲ್ಲ. ನಡುರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಹೃದಯದ ಪರೀಕ್ಷೆಯಾಯಿತು, ಎಲ್ಲ ಸರಿಯಾಗಿದೆ ಎಂದರು. “ರೀ, ಡಾಕ್ಟರೇ ಏನೂ ಇಲ್ಲ ಎಂದಮೇಲೆ ಸುಮ್ಮನೆ ಮಲಗಬಾರದೇ?” ಎಂದು ಹೆಂಡತಿ. ಮಲಗಬೇಕೆಂದು ಅವರಿಗೂ ಆಸೆಯೇ.

ಸಲಹೆಗಾರರು ಇಂತಹವರಿಗೆ ಮೊದಲು ಉಪದೇಶ ಮಾಡುವುದಿಲ್ಲ, ವಿಚಾರಿಸುತ್ತಾರೆ. ಎದೆ ಹೊಡೆದುಕೊಂಡ ಕ್ಷಣದಲ್ಲಿ ಮನಸ್ಸಿಗೆ ಬಂದ ಮೊದಲ ಮಾತು ಯಾವುದು? ‘ನಾನು ಸಾಯುತ್ತಿದ್ದೇನೆ, ಮಕ್ಕಳು ಬರುವುದರೊಳಗೆ ಎಲ್ಲ ಮುಗಿದಿರುತ್ತದೆ.’ ಸರಿ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ ಎನ್ನುತ್ತಾರೆ. ದಿಗಿಲಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಹೆಚ್ಚಿ ಎದೆಬಡಿತ ಏರುವುದು ಸಹಜ. ಆ ಬಡಿತವನ್ನೇ ಸಾವಿನ ಮುನ್ಸೂಚನೆಯೆಂದು ಎಣಿಸಿದರೆ ದಿಗಿಲು ಇಮ್ಮಡಿಯಾಗಿ ಬಡಿತ ಮತ್ತೂ ಏರುತ್ತದೆ. ಈ ಸುತ್ತು ಎಲ್ಲಿ ಬಿಗಿಯಾಗುತ್ತದೆಂದು ಬರೆದ ಪುಸ್ತಕದಿಂದಲೇ ಕಂಡುಹಿಡಿದು, ಅಲ್ಲಿ ಅದನ್ನು ಸಡಿಲಿಸುವುದು ಈ ವಿದ್ಯೆಯ ತಿರುಳು. ಉಸಿರನ್ನು ನಿಧಾನವಾಗಿ ಹೊರಬಿಡುವ ಅಭ್ಯಾಸ, ಏಳುವ ಹೊತ್ತನ್ನು ಬದಲಿಸದಿರುವುದು, ಸಂಜೆ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಇವೆಲ್ಲ ಅದರೊಡನೆ ಸೇರುತ್ತವೆ. ಯೋಚನೆಯನ್ನೂ ವರ್ತನೆಯನ್ನೂ ಒಟ್ಟಿಗೆ ತಿದ್ದುವ ಈ ಚಿಕಿತ್ಸೆಯನ್ನು ತಜ್ಞರ ಮಾರ್ಗದರ್ಶನದಲ್ಲಿ ಅಂತರಜಾಲದ ಮೂಲಕ ನಡೆಸಿದಾಗ, ಆತಂಕ ಮತ್ತು ಖಿನ್ನತೆಯ ಅನೇಕ ರೋಗಿಗಳಲ್ಲಿ ಎದುರು ಕುಳಿತು ನಡೆಸಿದಷ್ಟೇ ಫಲ ಕಂಡುದನ್ನು ಹೊರದೇಶಗಳ ಹಲವು ಅಧ್ಯಯನಗಳು ತಿಳಿಸಿವೆ. ಒಂದೆರಡು ದಿನಗಳಲ್ಲಿ ಆಗುವ ಕೆಲಸ ಮಾತ್ರ ಇದಲ್ಲ, ವಾರಗಳೇ ಹಿಡಿಯುತ್ತವೆ. ಅಂತರಘಟ್ಟೆಯ ಅಮ್ಮನಿಗೆ ಹರಕೆ ಹೊತ್ತವರು ಹರಕೆಯನ್ನು ಬಿಡಬೇಕಾಗಿಯೂ ಇಲ್ಲ.

ಇನ್ನು ತೊಡಕುಗಳ ಮಾತು. ಟೆಲಿ ಮಾನಸ್‌ಗೆ ಎರಡನೆಯ ಸಲ ಕರೆ ಮಾಡಿದಾಗ ಅದೇ ದನಿ ಸಿಕ್ಕೀತೆಂಬ ಭರವಸೆಯಿಲ್ಲ. ವಾರವಾರವೂ ಒಬ್ಬರೊಡನೆಯೇ ಮಾತಾಡಬೇಕೆಂದರೆ ಹಣ ಪಡೆದು ಅಂತರಜಾಲದಲ್ಲಿ ಚಿಕಿತ್ಸೆ ನೀಡುವವರಲ್ಲಿಗೆ ಹೋಗಬೇಕಾಗುತ್ತದೆ. ಅಲ್ಲಿ ಜಾಹೀರಾತಿನ ನಗುಮುಖವನ್ನು ನೋಡಿ ಮರುಳಾಗದೆ ವಿದ್ಯಾರ್ಹತೆಯನ್ನು ವಿಚಾರಿಸುವುದು ಲೇಸು. ಔಷಧಿ ಬರೆಯುವ ಅಧಿಕಾರ ಆಪ್ತಸಲಹೆಗಾರರಿಗಿಲ್ಲ, ವೈದ್ಯರಿಗೆ ಮಾತ್ರ. 2020ರ ಮಾರ್ಚ್‌ನ ದೂರವೈದ್ಯ ನಿಯಮಗಳ ಪ್ರಕಾರ ವೈದ್ಯರು ಕಳುಹಿಸುವ ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇರಲೇಬೇಕು. ಹೇಳಿದ ಮಾತು ಹೊರಬೀಳದಂತೆ ಕಾಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸಕರ ಮೇಲೆ ಹೊರಿಸಿದೆ. ಪ್ರಾಣ ಕಳೆದುಕೊಳ್ಳುವ ಯೋಚನೆ ಬಲವಾಗಿದ್ದರೆ, ಇಲ್ಲವೆ ಎಚ್ಚರ ತಪ್ಪಿ ಮಾತಾಡುತ್ತಿದ್ದರೆ, ದೂರವಾಣಿಯನ್ನೇ ನೆಚ್ಚಿ ಕುಳಿತಿರಬಾರದು. ಅಂತಹವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಮನೆಯೊಳಗೇ ಇದೆ. ಕೂಡಿ ಬಾಳುವ ಮನೆಯಲ್ಲಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಾತಾಡಲು ಸೊಸೆಗೆ ಕೋಣೆ ಎಲ್ಲಿದೆ? “ಯಾರಮ್ಮ ಅದು ಫೋನಿನಲ್ಲಿ?” ಎಂಬ ಪ್ರಶ್ನೆ ಬಾಗಿಲಾಚೆಯೇ ಕಾದಿರುತ್ತದೆ. ಒಬ್ಬಳು ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೋಗಬೇಕು, ಇನ್ನೊಬ್ಬ ತೋಟಕ್ಕೆ ನೀರು ಹಾಯಿಸುವ ನೆಪದಲ್ಲಿ ಅಡಿಕೆಮರಗಳ ನಡುವೆ ನಿಲ್ಲಬೇಕು. ಮಲೆಯಂಚಿನ ಹಳ್ಳಿಗಳಲ್ಲಾದರೆ ಅಲ್ಲಿಯೂ ಮಾತು ನಡುವೆಯೇ ಕಡಿದು ಹೋಗುವುದುಂಟು. ಹಾಗೆ ಕಡಿದುಹೋದಾಗ ಮತ್ತೆ ಅದೇ ಸಂಖ್ಯೆಯನ್ನು ಒತ್ತಬೇಕು. ಮನೆಯಲ್ಲಿ ಯಾರಾದರೂ ಹೀಗೆ ಮಹಡಿಯ ಮೇಲೆ ತುಸು ಹೊತ್ತು ನಿಂತು ಮಾತಾಡುತ್ತಿದ್ದರೆ, ಅತ್ತೆಮಾವಂದಿರು ಆ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೆಳಗೇ ಕುಳಿತಿರಬಹುದು.