ಬೋರ್ಡು ದೊಡ್ಡದು, ಸರಕು ಕಮ್ಮಿ!

ಅಂಗಡಿ ಬೋರ್ಡು ಮಾರುದ್ದ ಇದ್ದು ಒಳಗೆ ಕಪಾಟು ಖಾಲಿ ಇದ್ದರೆ ಗಿರಾಕಿ ಸುಮ್ಮನಿರ್ತಾನಾ? ‘ಮೆಕೆನ್ನಾಸ್ ಗೋಲ್ಡ್’ಗೆ 1969ರಲ್ಲಿ ಅಮೆರಿಕದಲ್ಲಿ ಆದ ಗತಿಯೂ ಇದೇ.

ಬೋರ್ಡಿನ ಮೇಲಿದ್ದ ಹೆಸರು ನೋಡಿ ಸ್ವಾಮಿ! ಗ್ರೆಗರಿ ಪೆಕ್, ಓಮರ್ ಷರೀಫ್, ಟೆಲಿ ಸವಾಲಸ್, ಎಡ್ವರ್ಡ್ ಜಿ. ರಾಬಿನ್‌ಸನ್, ಲೀ ಜೆ. ಕಾಬ್, ಈಲೈ ವಾಲಕ್. ನಿರ್ದೇಶಕ ಜೆ. ಲೀ ಥಾಂಪ್ಸನ್, ನಿರ್ಮಾಪಕ ಕಾರ್ಲ್ ಫೋರ್‌ಮನ್. 1961ರಲ್ಲಿ ‘ಗನ್ಸ್ ಆಫ್ ನವರೋನ್’ ಕೊಟ್ಟ ಜೋಡಿ. ಇನ್ನೇನು ಬೇಕು?

ಕತೆಯೂ ಗಟ್ಟಿಯೇ. ಚಿನ್ನದ ಕಣಿವೆಯ ನಕ್ಷೆಯನ್ನು ಮಾರ್ಷಲ್ ಮೆಕೆನ್ನಾ ಸುಟ್ಟುಹಾಕ್ತಾನೆ. ದಾರಿ ಉಳಿದದ್ದು ಅವನ ತಲೆಯೊಳಗೆ ಮಾತ್ರ. ದರೋಡೆಕೋರ ಕೊಲರಾಡೊ ಆ ತಲೆಯನ್ನೇ ಹಿಡಿದುಕೊಂಡು ಹೊರಡ್ತಾನೆ. ಸುದ್ದಿ ಕೇಳಿ ಊರಿನ ದೊಡ್ಡ ಮನುಷ್ಯರೂ ಬೆನ್ನು ಬೀಳ್ತಾರೆ: ಪತ್ರಿಕೆಯವನು, ಪಾದ್ರಿ, ಅಂಗಡಿಗೆ ಬೀಗ ಹಾಕಿ ಬಂದ ವ್ಯಾಪಾರಿ!

ಎಡವಟ್ಟಾದದ್ದು ಇಲ್ಲೇ. ಮಹಾ ಮಹಾ ನಟರನ್ನು ಕರೆತಂದು, ತಲಾ ನಾಲ್ಕು ಮಾತು ಕೊಟ್ಟು, ಸೈನಿಕರ ಒಂದು ಹೊಂಚುದಾಳಿಯಲ್ಲಿ ಹೆಚ್ಚಿನವರನ್ನು ಮುಗಿಸಿಬಿಟ್ಟರು. ಕುರುಡ ಮುದುಕನಾಗಿ ರಾಬಿನ್‌ಸನ್ ಚಿನ್ನ ಕಂಡ ಕತೆ ಹೇಳುವಾಗ ಮೈ ಜುಂ ಅನ್ನುತ್ತೆ. ಅವರಿಗೆ ಸಿಕ್ಕ ದೊಡ್ಡ ಅವಕಾಶ ಅದೊಂದೇ. ಸುಮಾರು ಮೂರು ಗಂಟೆಯ ಚಿತ್ರವನ್ನು ಎರಡು ಗಂಟೆ ಚಿಲ್ಲರೆಗೆ ಕತ್ತರಿಸಿದ್ದು ಬೇರೆ. ಕೊನೆಯ ಭೂಕಂಪದಲ್ಲಿ ಉರುಳುವ ಬೆಟ್ಟ ಆಟದ ಸಾಮಾನಿನ ಹಾಗೆ ಕಾಣುತ್ತೆ.

ನಮ್ಮ ದೇಶದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮಕಾಡೆ ಮಲಗಿದ ಚಿತ್ರ ಇಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗಿ ಟಾಕೀಸು ತುಂಬಿಸಿತು. ಇಂಗ್ಲಿಷಿನ ಗಂಧ ಇಲ್ಲದವರೂ ನೋಡಿದರು. ಕುದುರೆ ಓಟ, ಹಗ್ಗದ ಸೇತುವೆ, ಹೊಳೆಯ ಸೆಳವಿನಲ್ಲಿ ತೆಪ್ಪ... ಸೂರ್ಯ ಹುಟ್ಟುವಾಗ ಕಲ್ಲುಕಂಬದ ನೆರಳು ಉದ್ದಕ್ಕೆ ಬೆಳೆದು ಕಣಿವೆಯ ಬಾಗಿಲು ತೋರಿಸುವುದನ್ನು ನೋಡೋಕೆ ಭಾಷೆ ಯಾಕೆ ಬೇಕು ಹೇಳಿ?

ಅಂದರೆ ನಮ್ಮ ಜನ ಹೆಸರಿಗೆ ದುಡ್ಡು ಕೊಡಲಿಲ್ಲ, ಸಾಹಸಕ್ಕೆ ಕೊಟ್ಟರು. ಕೊಟ್ಟ ದುಡ್ಡಿಗೆ ಮೋಸ ಆಗಲಿಲ್ಲ. ನಷ್ಟ ಆದದ್ದು ಆ ನಟರಿಗೆ. ಅಂಥವರನ್ನು ಒಂದೇ ಚಿತ್ರದಲ್ಲಿ ಸೇರಿಸೋದು ದಿನಾ ಆಗೋ ಮಾತಲ್ಲ. ಸೇರಿಸಿಯೂ ಕೆಲಸ ಕೊಡಲಿಲ್ಲ ಅನ್ನೋದೇ ಹೊಟ್ಟೆ ಉರಿಸುವ ಸಂಗತಿ. ಇವತ್ತು ಪೋಸ್ಟರಿನಲ್ಲಿ ಹತ್ತು ಮುಖ ತುಂಬಿಸಿ ಚಿತ್ರ ತೆಗೆಯೋ ನಿರ್ಮಾಪಕರು ಇದನ್ನೊಮ್ಮೆ ನೋಡಲಿ.